ಎರಡು ಹೆಸರು, ನಡುವೆ ಒಂದು 'ಮತ್ತು'

ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಹತ್ತು ಹದಿನೈದು ಮಂದಿ ಸೇರಿ, ಓದಿದ್ದನ್ನು ಹಂಚಿಕೊಳ್ಳುವ ರೂಢಿಯೊಂದು ಬೆಳೆದು ಬಂದಿದೆ. ಬಹುಪಾಲು ನನ್ನಂತಹ ನಿವೃತ್ತರೇ. ಕಳೆದ ಬಾರಿ ಅಪರೂಪಕ್ಕೆ ಯುವಕರೊಬ್ಬರು ಬಂದಿದ್ದರು. ತಮ್ಮ ಮೊದಲ ಕಥಾಸಂಕಲನದ ಹಸ್ತಪ್ರತಿ ಅವರ ಕೈಯಲ್ಲಿತ್ತು. ಅವರು ನಮ್ಮ ಅಭಿಪ್ರಾಯ ಕೇಳಿದ್ದು ಕಥೆಗಳ ಬಗ್ಗೆ ಅಲ್ಲ, ಸಂಕಲನದ ಹೆಸರಿನ ಬಗ್ಗೆ. 'ಕೆರೆ ಮತ್ತು ನಲ್ಲಿ' ಎಂದು ಇಟ್ಟಿದ್ದರು.

"'ಮತ್ತು' ತೆಗೆದುಬಿಡಿ" ಎಂದರು ನಮ್ಮ ನಡುವಿನ ನಿವೃತ್ತ ಕನ್ನಡ ಅಧ್ಯಾಪಕರು. "ಅದು ಕನ್ನಡದ ಅಂಗಿ ತೊಟ್ಟ ಇಂಗ್ಲಿಷಿನ 'ಅಂಡ್'. ಕಚೇರಿಯ ಭಾಷೆ."

"ತೆಗೆದರೆ 'ಕೆರೆ ನಲ್ಲಿ' ಆಗುತ್ತದಲ್ಲ ಮೇಷ್ಟ್ರೇ, ಯಾರೋ ಕೆರೆಯಲ್ಲಿ ಬಿದ್ದ ಹಾಗೆ ಕೇಳಿಸುತ್ತದೆ" ಎಂದು ಇನ್ನೊಬ್ಬರು ಹೇಳಿದಾಗ ಎಲ್ಲರೂ ನಕ್ಕರು. ಮೇಷ್ಟ್ರು ಸೋಲಲಿಲ್ಲ. ನನ್ನ ಕಡೆ ತಿರುಗಿ, "ಇವರನ್ನೇ ಕೇಳಿ. ಜೀವಮಾನವೆಲ್ಲ ಸರ್ಕಾರಿ 'ಮತ್ತು'ವಿನಲ್ಲಿ ಇದ್ದವರು. ಆ ಮತ್ತು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ" ಎಂದರು.

ಆರೋಪ ಸುಳ್ಳಲ್ಲ. ಕನ್ನಡ ಮತ್ತು ಸಂಸ್ಕೃತಿ, ಆಹಾರ ಮತ್ತು ನಾಗರಿಕ ಸರಬರಾಜು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ: ನಮ್ಮ ಇಲಾಖೆಗಳ ನಾಮಫಲಕಗಳೆಲ್ಲ ಜೋಡಿ ಎತ್ತಿನ ಗಾಡಿಗಳಂತೆಯೇ ಇವೆ. ಕೆಲವೆಡೆ ಎರಡು ಎತ್ತುಗಳೂ ಒಂದೇ ದಿಕ್ಕಿಗೆ ಎಳೆಯುತ್ತವೆಯೇ ಎಂಬುದು ಬೇರೆ ಮಾತು. ಆದರೆ ನಾನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಯಾರೊಬ್ಬರೂ 'ರಾಗಿ ಮತ್ತು ಹುರುಳಿ ಬಿತ್ತಿದ್ದೇನೆ' ಎಂದದ್ದನ್ನು ನಾನು ಕೇಳಿಲ್ಲ. 'ರಾಗಿಯೂ ಹುರುಳಿಯೂ' ಎನ್ನುವುದುಂಟು. ಇಲ್ಲವೇ ಎರಡು ಮಾತನ್ನೂ ಬರಿದೇ ಪಕ್ಕಪಕ್ಕದಲ್ಲಿ ಇಟ್ಟುಬಿಡುವುದುಂಟು. ಹಾಗಾಗಿ ಸೇವೆಯಲ್ಲಿದ್ದಷ್ಟು ಕಾಲವೂ ಈ 'ಮತ್ತು' ಎಂಬ ಪದವನ್ನು ಕಂಡರೆ ನನಗೂ ಒಂದು ಬಗೆಯ ಬೇಸರವಿತ್ತು. ಕರಡುಗಳಲ್ಲಿ ಸಿಕ್ಕಿದಲ್ಲೆಲ್ಲ ಅದನ್ನು ಹೊಡೆದುಹಾಕುತ್ತಿದ್ದೆ.

ಆದರೂ ಅಂದು ಮನೆಗೆ ಹಿಂದಿರುಗಿ ಪುಸ್ತಕದ ಕಪಾಟಿನ ಮುಂದೆ ನಿಂತಾಗ, ಎಷ್ಟೊಂದು ದೊಡ್ಡ ಕೃತಿಗಳು ಎರಡು ನಾಮಪದಗಳ ಹೆಸರನ್ನು ಹೊತ್ತು ನಿಂತಿವೆ ಎಂದು ಆಶ್ಚರ್ಯವಾಯಿತು. ಒಂದು ಕೃತಿಗೆ ಒಂದು ಹೆಸರು ಸಾಲದೆ ಎರಡು ಏಕೆ ಬೇಕಾಗುತ್ತವೆ?

ಜೇನ್ ಆಸ್ಟೆನ್ ಅವರ ಉದಾಹರಣೆ ಇಲ್ಲಿ ಉಪಯುಕ್ತವಾದುದು. 1811ರಲ್ಲಿ ಪ್ರಕಟವಾದ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಕಾದಂಬರಿಯ ಮೊದಲ ಕರಡಿನ ಹೆಸರು 'ಎಲಿನರ್ ಅಂಡ್ ಮೇರಿಯಾನ್'. ಅಂದರೆ ಕಥೆಯ ಇಬ್ಬರು ಅಕ್ಕತಂಗಿಯರ ಹೆಸರು. ಆಗಲೂ ಜೋಡಿಯೇ, ಈಗಲೂ ಜೋಡಿಯೇ. ಆದರೆ ಮೊದಲಿನದು ಪಾತ್ರಗಳ ಪರಿಚಯವಷ್ಟೇ ಆಗಿತ್ತು. ಎರಡನೆಯದು ಒಂದು ವಾಗ್ವಾದ. ಬದುಕನ್ನು ವಿವೇಕದಿಂದ ನಡೆಸಬೇಕೇ, ಭಾವದ ಸೆಳೆತಕ್ಕೆ ಒಪ್ಪಿಸಬೇಕೇ ಎಂಬ ಪ್ರಶ್ನೆಯನ್ನು ಹೊದಿಕೆಯ ಮೇಲೆಯೇ ಮುದ್ರಿಸಿದಂತಾಯಿತು. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕೂಡ ಮೊದಲು 'ಫಸ್ಟ್ ಇಂಪ್ರೆಶನ್ಸ್' ಆಗಿತ್ತು. ಹೊಸ ಹೆಸರಿನ ನುಡಿಗಟ್ಟು ಫ್ಯಾನಿ ಬರ್ನಿ ಎಂಬ ಲೇಖಕಿಯ 1782ರ 'ಸಿಸಿಲಿಯಾ' ಕಾದಂಬರಿಯಲ್ಲಿ ಆಗಲೇ ಇತ್ತು.

ಈ ಹೆಸರನ್ನು ಕನ್ನಡಕ್ಕೆ ತರುವುದು ಹೇಗೆ? ನಮ್ಮ ನುಡಿಗೆ ತಟ್ಟನೆ ಒದಗುವುದು 'ಹಮ್ಮು ಬಿಮ್ಮು'. ಕಿವಿಗೆ ಹಿತವಾಗಿದೆ, ಪ್ರಾಸದ ಸಮಾಧಾನವೂ ಸಿಗುತ್ತದೆ. ಆದರೆ ಹಮ್ಮು ಎಂದರೂ ಅಹಂಕಾರವೇ, ಬಿಮ್ಮು ಎಂದರೂ ಅಹಂಕಾರವೇ. ಡಾರ್ಸಿಯ ದರ್ಪ ಉಳಿಯಿತು, ಎಲಿಜಬೆತ್‌ಳ ಪೂರ್ವಗ್ರಹ ಕಾಣೆಯಾಯಿತು! ಇಬ್ಬರ ತಪ್ಪಿನ ಕಥೆ ಒಬ್ಬರ ತಪ್ಪಿನ ಕಥೆಯಾಗಿಬಿಟ್ಟಿತು.

ಇದು ಅನುವಾದಕನ ಸೋಲಲ್ಲ; ಕನ್ನಡದ ಜೋಡುನುಡಿಯ ಸ್ವಭಾವವೇ ಅಂತಹುದು. ಮನೆಮಠ, ಹೊಲಗದ್ದೆ, ಮಕ್ಕಳುಮರಿ, ಕಷ್ಟಸುಖ. ಎರಡು ಮಾತು ಕೂಡಿದೊಡನೆ ಅವುಗಳ ನಡುವಿನ ಗೆರೆ ಅಳಿಸಿಹೋಗಿ ಎರಡಕ್ಕಿಂತ ದೊಡ್ಡದಾದ ಒಂದು ವಸ್ತು ನಿಲ್ಲುತ್ತದೆ. 'ಅವರ ಕಷ್ಟಸುಖ ವಿಚಾರಿಸಿಕೊಂಡು ಬಾ' ಎಂದರೆ ಕಷ್ಟವೆಷ್ಟು ಸುಖವೆಷ್ಟು ಎಂದು ಯಾರೂ ಪಟ್ಟಿ ಮಾಡುವುದಿಲ್ಲ. ತ್ರಿವೇಣಿಯವರ ಕಾದಂಬರಿಯ ಹೆಸರು 'ಹೂವು ಹಣ್ಣು'. ನಡುವೆ ಏನೂ ಇಲ್ಲ, ಏನೂ ಬೇಕಾಗಿಯೂ ಇಲ್ಲ. 1969ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲ್ ಅವರ 'ಕಪ್ಪು ಬಿಳುಪು' ಚಿತ್ರದ ಹೆಸರಿನಲ್ಲಿ ಎದುರುಬದುರಾದ ಎರಡು ಬಣ್ಣಗಳೂ ಹೀಗೆಯೇ ಒಂದಾಗಿ ನಿಂತಿವೆ. ಇನ್ನು ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ'. ಶಿವಮೊಗ್ಗದ ಬಳಿ ಕೂಡ್ಲಿಯಲ್ಲಿ ನಿಂತು ನೋಡಿದವರಿಗೆ ಗೊತ್ತು, ಅಲ್ಲಿಂದ ಕೆಳಗೆ ಇದು ತುಂಗೆಯ ನೀರು, ಇದು ಭದ್ರೆಯ ನೀರು ಎಂದು ಬೇರೆ ಮಾಡಿ ತೋರಿಸುವವರು ಯಾರೂ ಇಲ್ಲ.

ಸಂಸ್ಕೃತದವರು ಇದಕ್ಕೆ ದ್ವಂದ್ವ ಸಮಾಸವೆಂದು ಹೆಸರಿಟ್ಟು ವಿಧಿಯನ್ನೂ ಮಾಡಿದರು. ಯಾವ ಪದದಲ್ಲಿ ಸ್ವರಗಳು ಕಡಿಮೆಯೋ ಅದು ಮೊದಲು ಬರತಕ್ಕದ್ದು ಎಂದು ಪಾಣಿನಿಯ ಸೂತ್ರ ಹೇಳುತ್ತದೆ. ಹೆಚ್ಚು ಪೂಜ್ಯವಾದದ್ದು ಮೊದಲು ಬರಲಿ ಎಂದು ವಾರ್ತಿಕ ಸೇರಿಸುತ್ತದೆ. ಅದಕ್ಕೆ ಕೊಡುವ ಉದಾಹರಣೆ 'ಮಾತಾಪಿತರೌ'. ತಾಯಿ ಮೊದಲು, ತಂದೆ ಅನಂತರ. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿಯೂ ಮಾಲವಿಕೆ ಮುಂದೆ, ಮಹಾರಾಜ ಅಗ್ನಿಮಿತ್ರ ಅವಳ ಹಿಂದೆ. (ನಮ್ಮ ಶಾಲಾ ದಾಖಲಾತಿ ಅರ್ಜಿಗಳಲ್ಲಿ ತಂದೆಯ ಹೆಸರಿನ ಕೆಳಗೆ ತಾಯಿಯ ಹೆಸರಿಗೊಂದು ಸಾಲು ಸಿಗಲು ಎಷ್ಟು ಕಾಲ ಬೇಕಾಯಿತು ಎಂಬುದನ್ನು ನೆನೆದರೆ, ವಾರ್ತಿಕಕಾರರೇ ಮೇಲೆಂದು ತೋರುತ್ತದೆ.)

ರಷ್ಯನ್ನರ ಜೋಡಿ ಹೆಸರುಗಳ ಗುಣವೇ ಬೇರೆ. ಟಾಲ್‌ಸ್ಟಾಯ್ ಅವರ ಮಹಾಕೃತಿಯ ಆರಂಭದ ಭಾಗ 1865ರಲ್ಲಿ ಪತ್ರಿಕೆಯೊಂದರಲ್ಲಿ '1805' ಎಂಬ ಬರಿಯ ಇಸವಿಯ ಹೆಸರಿನಲ್ಲಿ ಬಂತು. 'ಯುದ್ಧ ಮತ್ತು ಶಾಂತಿ' ಎಂಬ ಹೆಸರು ಆಮೇಲಿನದು. ಅದೇ ಹೆಸರಿನ ಗ್ರಂಥವೊಂದನ್ನು ಫ್ರೆಂಚ್ ಚಿಂತಕ ಪ್ರೂಧೋನ್ 1861ರಲ್ಲಿ ಪ್ರಕಟಿಸಿದ್ದರು. ಆ ವರ್ಷವೇ ಬ್ರಸೆಲ್ಸ್‌ನಲ್ಲಿ ಟಾಲ್‌ಸ್ಟಾಯ್ ಅವರನ್ನು ಕಂಡಿದ್ದರು. ತುರ್ಗೆನೆವ್ ಅವರ 1862ರ ಕಾದಂಬರಿಯ ರಷ್ಯನ್ ಹೆಸರಿನ ನೇರ ಅರ್ಥ 'ತಂದೆಯರು ಮತ್ತು ಮಕ್ಕಳು'. ಇಂಗ್ಲಿಷಿನಲ್ಲಿ ಅದು 'ಫಾದರ್ಸ್ ಅಂಡ್ ಸನ್ಸ್' ಆಗಿ, ಹೆಣ್ಣುಮಕ್ಕಳನ್ನು ಹೊದಿಕೆಯಿಂದಲೇ ಹೊರಗೆ ಕಳುಹಿಸಲಾಯಿತು.

ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ದಾಸ್ತೋಯೆವ್‌ಸ್ಕಿ ಅವರ 1866ರ 'ಅಪರಾಧ ಮತ್ತು ಶಿಕ್ಷೆ'. ತಾಲ್ಲೂಕು ದಂಡಾಧಿಕಾರಿಯಾಗಿ ಕೆಲಸ ಮಾಡಿದ ನನಗೆ ಈ ಎರಡು ಪದಗಳ ನಡುವೆ ಅಂತಹ ಗುಟ್ಟೇನೂ ಕಂಡಿರಲಿಲ್ಲ. ಭಾರತೀಯ ದಂಡ ಸಂಹಿತೆಯಲ್ಲಾಗಲಿ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ, ಅಪರಾಧದ ಪಕ್ಕದಲ್ಲೇ ಶಿಕ್ಷೆ ಬರೆದಿರುತ್ತದೆ. ಕಾದಂಬರಿ ಹಾಗಲ್ಲ. ಅದರಲ್ಲಿ ಆರು ಭಾಗಗಳೂ ಒಂದು ಉಪಸಂಹಾರವೂ ಇವೆ. ಕೊಲೆ ಮೊದಲನೆಯ ಭಾಗದಲ್ಲೇ ಮುಗಿದುಹೋಗುತ್ತದೆ. ನ್ಯಾಯಾಲಯದ ಶಿಕ್ಷೆ ಬರುವುದು ಉಪಸಂಹಾರದಲ್ಲಿ. ನಡುವಿನ ಐದು ಭಾಗಗಳಲ್ಲಿ ಇರುವುದೇನು? ರಸ್ಕೋಲ್ನಿಕೋವ್ ಜ್ವರದಲ್ಲಿ ನರಳುತ್ತಾನೆ, ಬೀದಿ ಅಲೆಯುತ್ತಾನೆ, ಸುಳ್ಳು ಹೇಳುತ್ತಾನೆ, ನಿಜ ಹೇಳಲು ಹೋಗಿ ಹಿಂದೆ ಸರಿಯುತ್ತಾನೆ. ಒಂದೇ ಮಾತಿನಲ್ಲಿ ಹೇಳುವುದಾದರೆ ಅಲ್ಲಿರುವುದು ಆ ಹೆಸರಿನ 'ಮತ್ತು'. ಅದನ್ನು ತೆಗೆದು 'ಅಪರಾಧಶಿಕ್ಷೆ' ಎಂದು ಕೂಡಿಸಿದರೆ ಕಾನೂನು ಪುಸ್ತಕವೊಂದು ಉಳಿಯುತ್ತದೆಯೇ ಹೊರತು ಕಾದಂಬರಿಯಲ್ಲ.

ಹೀಗೆ ಯೋಚಿಸುತ್ತ ಹೋದಂತೆ, ನಾನು ಹಗುರವಾಗಿ ಕಂಡ ಪದದ ಬಗ್ಗೆ ನನ್ನ ಅಭಿಪ್ರಾಯ ಬದಲಾಗತೊಡಗಿತು. ಆಧುನಿಕ ಕನ್ನಡದ ಲೇಖಕರು ಅದನ್ನು ಅರಿಯದೆ ಬಳಸಿದವರಲ್ಲ. ಯು.ಆರ್. ಅನಂತಮೂರ್ತಿಯವರ ವಿಮರ್ಶಾ ಸಂಕಲನ 'ಪ್ರಜ್ಞೆ ಮತ್ತು ಪರಿಸರ', ಎಸ್.ಎಲ್. ಭೈರಪ್ಪನವರ ಸಂಶೋಧನ ಪ್ರಬಂಧ 'ಸತ್ಯ ಮತ್ತು ಸೌಂದರ್ಯ'. ಇವು ಶಾಸ್ತ್ರಗ್ರಂಥಗಳ ಹೆಸರಿನ ಪದ್ಧತಿಗೆ ಸೇರಿದವು ಎನ್ನಬಹುದು. ಆದರೆ ಅನಂತಮೂರ್ತಿಯವರದೇ 'ಆಕಾಶ ಮತ್ತು ಬೆಕ್ಕು'? ಆಕಾಶಕ್ಕೂ ಬೆಕ್ಕಿಗೂ ಏನು ಸಂಬಂಧ ಎಂದು ಕೇಳುವಂತೆ ಮಾಡುವುದೇ ಆ ಹೆಸರಿನ ಕೆಲಸ. ಚಂದ್ರಶೇಖರ ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ'ಯಲ್ಲಿ ಹೆಣ್ಣೊಬ್ಬಳು ಒಂದು ತಕ್ಕಡಿಯಲ್ಲಿ, ಅವಳು ಸೊಸೆಯಾಗಿ ಬಂದ ಅರಮನೆ ಇನ್ನೊಂದರಲ್ಲಿ. 'ಸಿಂಗಾರೆವ್ವನ ಅರಮನೆ' ಎಂದು ಆರನೆಯ ವಿಭಕ್ತಿ ಹಚ್ಚಿದ್ದರೆ ಎಂತಹ ಅನ್ಯಾಯವಾಗುತ್ತಿತ್ತು! ಅರಮನೆ ಅವಳದೇ ಎಂಬುದಲ್ಲವೇ ಅಲ್ಲಿನ ಪ್ರಶ್ನೆ?

ಈ ಬಗೆಯ ಹೆಸರುಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲಾದದ್ದು ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ'. ಮಹಾಭಾರತದ ವನಪರ್ವದ ಯವಕ್ರೀತನ ಕಥೆಯನ್ನು ಆಧರಿಸಿದ ನಾಟಕವಿದು. ವರ್ಷಗಟ್ಟಲೆ ಮಳೆಯಿಲ್ಲ, ಇಂದ್ರನನ್ನು ಒಲಿಸಿಕೊಳ್ಳಲು ಏಳು ವರ್ಷಗಳ ಯಜ್ಞ ನಡೆಯುತ್ತಿದೆ. ಹೆಸರಿನಲ್ಲಿರುವ ಎರಡು ಪದಗಳನ್ನು ನೋಡಿ. 'ಅಗ್ನಿ' ಸಂಸ್ಕೃತ, 'ಮಳೆ' ಅಚ್ಚಗನ್ನಡ. ಅಗ್ನಿ ಎಂದರೆ ಒಲೆಯ ಬೆಂಕಿಯಲ್ಲ, ಮಂತ್ರದ ಬೆಂಕಿ. ಮಳೆ ಮಾತ್ರ ಎಲ್ಲರ ಹೊಲದ ಮೇಲೂ ಬೀಳುವಂಥದ್ದು. ನಾಟಕದ ಇಂಗ್ಲಿಷ್ ರೂಪಕ್ಕೆ ಬರೆದ ಟಿಪ್ಪಣಿಯಲ್ಲಿ ಸ್ವತಃ ಕಾರ್ನಾಡರೇ ಈ ವ್ಯತ್ಯಾಸದ ಕಡೆ ಗಮನ ಸೆಳೆದಿದ್ದಾರೆ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡುವುದನ್ನು ಕೇಶಿರಾಜನ 'ಶಬ್ದಮಣಿದರ್ಪಣ' ಕೆಲವು ವಿನಾಯಿತಿಗಳ ಹೊರತು ಅರಿಸಮಾಸವೆಂದು ದೂರವಿಟ್ಟಿದೆ. ಆದ್ದರಿಂದ ಅಗ್ನಿಯನ್ನೂ ಮಳೆಯನ್ನೂ ಬೆಸೆಯಲು ಬರುವುದಿಲ್ಲ. ಬ್ರಾಹ್ಮಣರ ಯಜ್ಞಶಾಲೆಗೂ ಬೇಡರ ಹುಡುಗಿ ನಿತ್ತಿಲೆಯ ಲೋಕಕ್ಕೂ ನಡುವಿನ ಅಂತರ ಹೆಸರಿನಲ್ಲಿ ವ್ಯಾಕರಣವಾಗಿಯೇ ಉಳಿದಿದೆ.

2002ರಲ್ಲಿ ಈ ನಾಟಕ ಹಿಂದಿಯಲ್ಲಿ ಚಲನಚಿತ್ರವಾಯಿತು. ಹೆಸರು 'ಅಗ್ನಿವರ್ಷ'. ಎರಡೂ ಸಂಸ್ಕೃತ ಪದಗಳು, ಸೊಗಸಾಗಿ ಕೂಡಿಕೊಂಡವು. ಆದರೆ ಕೂಡಿದ ಮೇಲೆ ಅರ್ಥವೇನಾಯಿತು? ಬೆಂಕಿಯ ಮಳೆ! ಮಳೆಗಾಗಿ ಕಾದವರ ಕಥೆಗೆ ಬೆಂಕಿ ಸುರಿಯುವ ಹೆಸರು. ಒಂದು ಅವ್ಯಯ ಬಿದ್ದುಹೋದದ್ದರ ಫಲ.

ಚಿತ್ರ ಬಂದ ಆ ಕಾಲದಲ್ಲಿ ನಮ್ಮ ರಾಜ್ಯದಲ್ಲಿಯೂ ಮಳೆ ಇರಲಿಲ್ಲ. 2001ರಿಂದ ಸತತವಾಗಿ ಮೂರು ವರ್ಷ ಬರ. ಆಗ ನಾನು ಹೈದರಾಬಾದ್ ಕರ್ನಾಟಕವೆಂದು ಕರೆಯುತ್ತಿದ್ದ ಭಾಗದ ಒಂದು ಜಿಲ್ಲೆಯಲ್ಲಿದ್ದೆ. ಈ ಮಾತನ್ನು ಅಂದು ವಾಚನಾಲಯದಲ್ಲಿ ಹೇಳಲಿಲ್ಲ, ಇಲ್ಲಿ ಹೇಳಬೇಕೆನಿಸಿದೆ.

ಅದಕ್ಕೆ ಮುನ್ನ ನನ್ನ ಓದಿನ ವಿಷಯದಿಂದ ಒಂದೆರಡು ಹೆಸರು. ಅರ್ಥಶಾಸ್ತ್ರದವರು ಕವಿಗಳಲ್ಲದಿದ್ದರೂ ಜೋಡಿ ಹೆಸರಿಡುವುದರಲ್ಲಿ ಹಿಂದೆ ಬಿದ್ದವರಲ್ಲ. ಹೆನ್ರಿ ಜಾರ್ಜ್ 1879ರಲ್ಲಿ 'ಪ್ರಗತಿ ಮತ್ತು ಬಡತನ' ಎಂದು ಹೆಸರಿಟ್ಟಾಗ, ಒಂದು ಹೆಚ್ಚಿದರೆ ಇನ್ನೊಂದು ಇಳಿಯಬೇಕಲ್ಲವೇ, ಎರಡೂ ಒಟ್ಟಿಗೆ ಏಕೆ ಬೆಳೆಯುತ್ತಿವೆ ಎಂಬ ಒಗಟನ್ನೇ ಮುಂದಿಟ್ಟರು. ದಾದಾಭಾಯಿ ನವರೋಜಿಯವರದು ಇನ್ನೂ ಹರಿತ. 1876ರಲ್ಲಿ ಅವರು ಓದಿದ ಪ್ರಬಂಧದ ಹೆಸರು 'ಭಾರತದ ಬಡತನ'. ಬಡತನವೊಂದೇ ಇದ್ದರೆ ಅದನ್ನು ಯಾರ ತಲೆಗೂ ಕಟ್ಟಬಹುದು: ಜನಸಂಖ್ಯೆ, ಸೋಮಾರಿತನ, ದೇವರು. 1901ರ ಗ್ರಂಥದಲ್ಲಿ ಆ ಬಡತನದ ಪಕ್ಕಕ್ಕೆ ಎರಡನೆಯ ಹೆಸರು ಬಂದು ಕೂತಿತು, 'ಬಡತನ ಮತ್ತು ಭಾರತದಲ್ಲಿ ಬ್ರಿಟಿಷ್ ಗುಣವಿಲ್ಲದ ಆಳ್ವಿಕೆ' ಎಂಬ ಅರ್ಥದಲ್ಲಿ. ಇದರಿಂದ ಅದು ಎಂದು 'ಮತ್ತು' ಎಲ್ಲಿಯೂ ಹೇಳಲಿಲ್ಲ; ಪಕ್ಕದಲ್ಲಿ ಕೂರಿಸಿತು, ಅಷ್ಟೆ. ಎರಡನೆಯ ಪದವನ್ನು ಸೇರಿಸಲು ಇಪ್ಪತ್ತೈದು ವರ್ಷ ಹಿಡಿಯಿತು.

ಇನ್ನೊಂದು ಅಮರ್ತ್ಯ ಸೇನ್ ಅವರ 1981ರ 'ಪಾವರ್ಟಿ ಅಂಡ್ ಫ್ಯಾಮಿನ್ಸ್'. ನಾನು ಎಂ.ಎ. ಓದುತ್ತಿದ್ದ ದಿನಗಳಲ್ಲಿ ನಮ್ಮ ಗ್ರಂಥಾಲಯಕ್ಕೆ ಹೊಸದಾಗಿ ಬಂದಿತ್ತು. ಬಡತನ ಏಕವಚನ, ಕ್ಷಾಮ ಬಹುವಚನ ಎಂಬುದನ್ನು ಗಮನಿಸಿ. ಬಡತನ ಸದಾ ಇರುವ ಸ್ಥಿತಿ, ಕ್ಷಾಮಗಳು ಬಂದುಹೋಗುವ ಘಟನೆಗಳು. ಕ್ಷಾಮಕ್ಕೆ ಕಾರಣ ಧಾನ್ಯದ ಕೊರತೆ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಸೇನ್ ಅವರ ಲೆಕ್ಕದಂತೆ 1943ರಲ್ಲಿ ಬಂಗಾಳದಲ್ಲಿದ್ದ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಕೇವಲ ಶೇ. 5ರಷ್ಟು ಕಡಿಮೆಯಿತ್ತು; ಕ್ಷಾಮವಿಲ್ಲದ 1941ಕ್ಕಿಂತ ಶೇ. 13ರಷ್ಟು ಹೆಚ್ಚೇ ಇತ್ತು. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಧಾನ್ಯ ಇದೆಯೇ ಎಂಬುದು ಒಂದು ಪ್ರಶ್ನೆ, ಅದನ್ನು ಪಡೆಯುವ ಶಕ್ತಿ ಕೂಲಿಯವನಿಗೆ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ ಎಂಬ ತಿಳಿವಳಿಕೆ ಆ ಪುಸ್ತಕದಿಂದ ನನಗೆ ಬಂತು.

ಆ ತಿಳಿವಳಿಕೆಯನ್ನು ಇಟ್ಟುಕೊಂಡೇ 2003ರಲ್ಲಿ ನಾನೊಂದು ವರದಿ ಬರೆದೆ. ಬರದ ಸ್ಥಿತಿಗತಿಯ ಬಗ್ಗೆ ಹಳ್ಳಿಗಳಿಗೆ ಹೋಗಿ ನೋಡಿ ಬರೆಯಬೇಕೆಂಬ ಆದೇಶವಿತ್ತು. ನೋಡಲು ಹೋದಾಗ ತಾಂಡಾಗಳಲ್ಲಿ ಬೀಗ ಹಾಕಿದ ಮನೆಗಳ ಸಾಲು. ಪುಣೆಗೆ, ಮುಂಬಯಿಗೆ, ಗೋವೆಗೆ ಗುಳೆ ಹೋಗಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತುಗಳು. ಮನೆ ಕಾಯಲು ಉಳಿದಿದ್ದ ಮುದುಕಿಯೊಬ್ಬಳನ್ನು, ಬರ ಬಂತೆಂದು ಎಲ್ಲರೂ ಹೋದರೇ ಎಂದು ಕೇಳಿದೆ.

"ಬರಾ ಬಂತಂತ ಹೋಗ್ಲಿಲ್ರಿ ಸಾಹೇಬ್ರ, ಕೂಲಿ ಬರ್ಲಿಲ್ಲಂತ ಹೋದ್ರು" ಎಂದಳು.

ಕೂಲಿಗಾಗಿ ಕಾಳು ಯೋಜನೆಯ ಕೆಲಸಗಳು ಆರಂಭವಾಗಿದ್ದವು. ಕೆಲಸ ಮಾಡಿದವರಿಗೆ ಕಾಳೂ ಹಣವೂ ಸಕಾಲಕ್ಕೆ ಮುಟ್ಟಿರಲಿಲ್ಲ. ಬರ ಆಕಾಶದಿಂದ ಬಂದಿತ್ತು, ಗುಳೆ ನಮ್ಮ ಮಸ್ಟರ್ ರೋಲ್‌ಗಳಿಂದ ಬಂದಿತ್ತು. ನಾನು ವರದಿಗೆ 'ಬರ ಮತ್ತು ಗುಳೆ' ಎಂದು ಹೆಸರಿಟ್ಟೆ. ಅಲ್ಲಿಯತನಕ 'ಮತ್ತು' ಕಂಡಲ್ಲೆಲ್ಲ ಹೊಡೆದುಹಾಕುತ್ತಿದ್ದ ನನಗೆ ಅಂದು ಬೇರೆ ಪದ ಹೊಳೆಯಲಿಲ್ಲ.

ಮೇಲಧಿಕಾರಿಗಳು ಓದಿದರು. ಕೆಟ್ಟವರೇನಲ್ಲ, ಓದಿಕೊಂಡವರು. ಹಸಿರು ಶಾಯಿಯ ಲೇಖನಿ ತೆಗೆದು ಮೊದಲ ಪುಟದ ಮೇಲೆ ಒಂದು ಗೀಟು ಎಳೆದರು. 'ಬರ' ಉಳಿಯಿತು. 'ಮತ್ತು ಗುಳೆ' ಹೋಯಿತು.

"ಬರ ಯಾಕೆ ಬಂತು ಅಂತ ಸದನದಲ್ಲಿ ಯಾರೂ ಕೇಳೋದಿಲ್ಲ ರೀ. ಗುಳೆ ಯಾಕೆ ಹೋದರು ಅಂತ ಕೇಳಿದರೆ ಉತ್ತರ ಬರೆಯೋರು ಯಾರು? ನೀವೋ, ನಾನೋ?" ಎಂದರು.

"ಆಗಲಿ ಸರ್" ಎಂದೆ.

ವರದಿ 'ಬರ ಪರಿಸ್ಥಿತಿ ವರದಿ' ಎಂಬ ಹೆಸರಿನಲ್ಲಿ ಬೆಂಗಳೂರಿಗೆ ಹೋಯಿತು. ಗುಳೆಯ ಅಧ್ಯಾಯ ಅನುಬಂಧಕ್ಕೆ ಇಳಿಯಿತು. ಮುದುಕಿಯ ಮಾತು ಅನುಬಂಧಕ್ಕೂ ಬರಲಿಲ್ಲ. ಅವರು ಗೀಟು ಎಳೆದದ್ದಕ್ಕಿಂತ ನಾನು ಅಷ್ಟು ಬೇಗ 'ಆಗಲಿ' ಎಂದದ್ದು ಈಚಿನ ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದೆ. ಭಾಷೆಯ ಶುದ್ಧಿಗಾಗಿ ನೂರಾರು ಕರಡುಗಳಲ್ಲಿ ಆ ಪದವನ್ನು ಹೊಡೆದವನು, ಅದು ನಿಜವಾಗಿ ಬೇಕಾಗಿದ್ದ ಒಂದೇ ಒಂದು ಕಡೆ ಉಳಿಸಿಕೊಳ್ಳಲಿಲ್ಲ.

ಅನಂತಮೂರ್ತಿಯವರು 2014ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದ ಅವರ ಕೃತಿಯ ಹೆಸರು 'ಹಿಂದುತ್ವ ಅಥವಾ ಹಿಂದ್ ಸ್ವರಾಜ್'. ಜೀವನಪೂರ್ತಿ 'ಮತ್ತು' ಬಳಸಿದವರು ಕೊನೆಗೆ 'ಅಥವಾ' ಎಂದರು. ಅದರ ವಿಚಾರಗಳನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ, ಆ ಚರ್ಚೆ ಇಲ್ಲಿ ಬೇಡ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಓದುಗನನ್ನು ಒತ್ತಾಯಿಸುವ ಧೈರ್ಯದ ಪದವದು. ನಾನು ಅಲ್ಲಿಯವರೆಗೆ ಹೋಗುವ ಮಾತಂತೂ ದೂರವೇ ಉಳಿಯಿತು.

'ಕೆರೆ ಮತ್ತು ನಲ್ಲಿ'ಯ ಯುವಕರು ಮೊನ್ನೆ ದೂರವಾಣಿ ಮಾಡಿದ್ದರು. ಪ್ರಕಾಶಕರೂ 'ಮತ್ತು' ಬೇಡವೆನ್ನುತ್ತಿದ್ದಾರಂತೆ, 'ಕೆರೆಯ ನೀರು' ಎಂದಿದ್ದರೆ ಗ್ರಂಥಾಲಯ ಖರೀದಿಗೆ ಅನುಕೂಲವಂತೆ. ಅವರ ಕಥೆಗಳನ್ನು ಈಗ ಓದಿದ್ದೇನೆ. ಕೆರೆ ಮುಚ್ಚಿ ಬಡಾವಣೆ ಕಟ್ಟಿದವರು, ಆಮೇಲೆ ಅದೇ ಬಡಾವಣೆಯ ನಲ್ಲಿಯಲ್ಲಿ ನೀರಿಲ್ಲವೆಂದು ಟ್ಯಾಂಕರ್‌ಗೆ ಕಾಯುವವರು. ಎಲ್ಲ ಕಥೆಗಳಲ್ಲೂ ಇವರೇ ಇದ್ದಾರೆ. ಹೆಸರನ್ನು ಬದಲಿಸಬೇಡಿ ಎಂದೆ. ಕಾರಣ ಕೇಳಿದರು. ಬಂದು ಹೋಗಿ, ಒಂದು ಕ಼ಾಗದ ತೋರಿಸುತ್ತೇನೆ ಎಂದೆ. ವರದಿಯ ಆ ಮೊದಲ ಪುಟ ನನ್ನ ಬಳಿಯೇ ಇದೆ, ಸೇನ್ ಅವರ ಪುಸ್ತಕದೊಳಗೆ ಮಡಿಸಿ ಇಟ್ಟಿದ್ದೇನೆ. ಹಸಿರು ಶಾಯಿ ಈಗ ಮಾಸಿದೆ, ಗೀಟಿನ ಕೆಳಗಿನ ಎರಡು ಪದಗಳನ್ನು ಕನ್ನಡಕವಿಲ್ಲದೆಯೂ ಓದಬಹುದು.